ಹಳದಿ ಗುರುತು

ಬನಹಟ್ಟಿಯೊಳಗ ಕರೆಂಟು ಹೋದಾಗಷ್ಟ
ನಾ ಮಾತಾಡ್ತೀನಿ.
ಉಳಿದ ಹೊತ್ತು ಮಗ್ಗ ಮಾತಾಡ್ತಾವ,
ಗ್ವಾಡಿ ಆ ಕಡೆ ನಾಕು, ಈ ಕಡೆ ಆರು,
ನಡಕ ನನ್ನ ಮೈಕು,
ಅದಕ ಹಳೇ ಕಾಲಚೀಲದ ಟೊಪಗಿ.

ಚಾನೆಲ್ಲಿನ ಹೆಸರು ಕಂಡಿಕಿ.
ಹನ್ನೆರಡು ವರ್ಷ ಅದನ್ನ ಸುತ್ತೀನಿ,
ಬ್ಯಾರೆ ಹೆಸರು ಹೊಳೀಲಿಲ್ಲ.
ನೂಲಿನ ದರ, ಕೂಲಿ, ಬೋನಸ್ಸು,
ಯಾರ ಶೆಡ್ಡಿನಾಗ ಅರ್ಥಿಂಗ್ ಇಲ್ಲ,
ಎಲ್ಲಾ ಹೇಳ್ತೀನಿ.
ನಲವತ್ತೊಂದು ಸಾವಿರ ಮಂದಿ ಕೇಳ್ತಾರ,
ಇಚಲಕರಂಜಿಯಿಂದ ಸೈತ.

ಚಿದಾನಂದ ಹೋದ ದಿನ ವಿಡಿಯೋ ಹಾಕಿದೆ.
ಎರಡನೇ ಪಾಳಿ, ಒದ್ದಿ ನೆಲ, ಸುಲಿದ ವಾಯರು.
ಅವನ ಹೆಸರು ಹೇಳಿದೆ. ಶೆಡ್ಡಿನ ಹೆಸರೂ ಹೇಳಿದೆ.
ಹಾಲು ಕಾಸೂದರೊಳಗ
ಡಾಲರ್ ಗುರುತು ಹಸರು ಹೋಗಿ ಹಳದಿ ಆತು.

ಅರಿಷಿಣ ಅಂದ್ರ ನಮ್ಮೊಳಗ ಲಗ್ನ.
ಇದು ಯಾವ ಅರಿಷಿಣ?

ಬಾಯಿ ಯಾರೂ ಮುಚ್ಚಿಲ್ಲ, ನೋಡ್ರಿ.
ವಿಡಿಯೋ ಅಲ್ಲೇ ಐತಿ, ನೋಡೂ ಮಂದಿ ನೋಡ್ತಾರ.
ಸಾಬಾಣದವ, ಸಿಮೆಂಟಿನವ, ಹಲ್ಲಿನ ಪೇಸ್ಟಿನವ
ಸತ್ತವನ ಬಾಜೂ ಕುಂದ್ರಾಕ ಒಲ್ಲೆ ಅಂದಾರ,
ಅಷ್ಟ.

ನಮ್ಮ ಸಾವಕಾರ ಸೀರಿ ಬಿಚ್ಚಿ ಹಾಸಿ
ಉದ್ದಕ ಅಂಗೈ ಸವರಿ
ಒಂದ ಕಡೆ ಬೆರಳಿಟ್ಟು
‘ಇಲ್ಲಿ ಎಳಿ ಬಿಟ್ಟೀದಿ’ ಅಂತ
ಇಪ್ಪತ್ತು ರೂಪಾಯಿ ಮುರೀತಿದ್ದ.
ಅಪ್ಪ ಬಗ್ಗಿ ನೋಡ್ತಿದ್ದ, ಜಗಳಾಡ್ತಿದ್ದ.
ಒಮ್ಮೆ ಗೆದ್ದಿದ್ದೂ ಐತಿ.
ಇವಂಗ ಬೆರಳ ಇಲ್ಲ.
ಹನ್ನೊಂದು ನಿಮಿಷದಾಗ ಯಾವ ಎಳಿ ತಪ್ಪೇತಿ?
ಮತ್ತ ನೋಡ್ರಿ ಅಂತ ಅರ್ಜಿ ಹಾಕಿದೆ.
ಮೂರನೇ ದಿನ ಉತ್ತರ ಬಂತು:
‘ಎಲ್ಲಾ ಜಾಹೀರಾತುದಾರರಿಗೆ ಸೂಕ್ತವಲ್ಲ.’
ಮೊದಲಿನದ ವಾಕ್ಯ, ಮೊದಲಿನದ ಚುಕ್ಕಿ.

ಹಿಂಗಾಗಿ ಕಲತೆ.
ಸತ್ತ ಅನ್ನೂದು ಬಿಟ್ಟು ಮಲಗಿದ ಅಂದೆ.
ಕರೆಂಟು ಹೊಡೀತು ಅನ್ನೂ ಬದಲಿ
ದೀಪ ಮುಟ್ಟಿತು ಅಂದೆ.
ಮುಷ್ಕರಕ್ಕ ಸೂಟಿ ಅಂದೆ.
ಪೊಲೀಸರು ಬಂದ್ರ ಬೀಗರು ಬಂದ್ರು ಅಂದೆ.
ಮಂದಿಗೂ ತಿಳೀತು, ನಕ್ಕರು.
ಹಸರು ಉಳೀತು. ತಿಂಗಳಿಗೆ ಏಳು ಸಾವಿರ,
ಗ್ಯಾಸು, ತಮ್ಮನ ಕಾಲೇಜು.

ಒಂದಿನ ರೊಟ್ಟಿ ಬಡೀತಾ ಅವ್ವಗ ಅಂದೆ:
‘ಮೂಲಿಮನಿ ಅಜ್ಜ ಮಲಗ್ಯಾನಂತ.’
‘ಈ ಹೊತ್ತಿನಾಗ?’ ಅಂದ್ಲು.
ಕೈಯಾಗಿನ ಹಿಟ್ಟು ಕೈಯಾಗ ಉಳೀತು.

ಬಾಳವ್ವ ಬಂದಿದ್ದು ಆಮ್ಯಾಲ,
ಚಿದಾನಂದನ ತಾಯಿ,
ಫೋನು ಸೆರಗಿನಾಗ ಸುತ್ತಿಕೊಂಡು.
ಕಟ್ಟಿ ಮ್ಯಾಲ ಕುಂತ್ಲು. ನೀರು ಬ್ಯಾಡ ಅಂದ್ಲು.
ಮೊನ್ನಿ ನಾ ಹಾಕಿದ್ದು ಹಚ್ಚಿದ್ಲು:
‘ಹೋದ ವರ್ಷ ಇದ ದಿನ
ನಮ್ಮ ಚಿದಾನಂದ ಮಲಗಿದ...’
ನನ್ನದ ದನಿ. ಸ್ವಚ್ಛ. ಹಸರ ಹಸರ.

‘ದಾನಿ, ಮಲಗಿದ ಅನಬ್ಯಾಡವಾ.
ಎದ್ದಾನು ಅಂತ ಕಾಯ್ತೈತಿ ಜೀವ.
ಆ ಮಾತು ಆಡಾಕ ನನಗ ಎಂಟು ತಿಂಗಳ ಹಿಡೀತು.
ಈಗ ಆಡ್ತೀನಿ.
ನೀ ಮರಸಬ್ಯಾಡ.’

ಇವತ್ತು ನಾಕಕ್ಕ ಕರೆಂಟು ಹೋತು.
ಹತ್ತೂ ಮಗ್ಗ ಒಮ್ಮೆಲೇ ಉಸಿರು ಹಿಡಿದ್ವು.
ಓಣಿಯೊಳಗ ಯಾರೋ ಕೆಮ್ಮಿದ್ದು ಕೇಳಿಸ್ತು,
ಎಲ್ಲೋ ಕೊಡ ತುಂಬಿ ಸೂಸಿದ್ದು.
ಫೀ ಕಟ್ಟಾಕ ಶುಕ್ರವಾರ ಕಡೀ ದಿನ.
ಮೈಕಿನ ಟೊಪಗಿ ಸರಿ ಮಾಡಿದೆ.
ಬಾಳವ್ವ ಎದುರಿಗೇ ಕುಂತಿದ್ಲು.

ಎರಡ ಅಕ್ಷರದ ಮಾತು ಅದು.
ಹಿಂದಕ ಅಜ್ಜಿ ಲಾಳಿಯ ಕಣ್ಣಿಗೆ ತುಟಿ ಹಚ್ಚಿ
ಒಳಗ ಸಿಕ್ಕ ಎಳಿಯನ್ನ ಉಸಿರಿನಿಂದ ಜಗ್ಗತಿದ್ಲು,
ಬಾಯಿತುಂಬ ನೂಲಿನ ಧೂಳು.
ಹಂಗ ಜಗ್ಗಿದೆ.