ನೀರುನಾಯಿಯ ಓಲೆ

ಕೋಡಿಬಾಗದ ಮಹಡಿ, ಶನಿವಾರ, ಕರೆಂಟಿಲ್ಲ.
ಮೇಣದಬತ್ತಿಯ ಸುತ್ತ ನಾಲ್ವರು,
ಇಪ್ಪತ್ತು ಮುಖದ ದಾಳ, ಶೇಂಗಾ ಸಿಪ್ಪೆ.
ಉಜ್ವಲಾ ಆಗಲೇ ನೀರುನಾಯಿಯಾಗಿದ್ದಾಳೆ,
ಕಾಳಿ ಸೇತುವೆಯಡಿ ಕಂಡದ್ದೇ ಬೇಕೆಂದು
ಹಟ ಹಿಡಿದು ಬರೆಸಿದ್ದಳು.

ತಕರಾರು ಅವಳ ಓಲೆಯದು,
ಸುಳ್ಳು ಕೇಳಿದರೆ ಬಿಸಿಯಾಗುವ ಓಲೆ.
ನಿಯಮ ಒಂದೇ ಸಾಲು:
ತೊಟ್ಟದ್ದು ಮೈಯಲ್ಲಿ ಕರಗುವುದು,
ಹೊತ್ತದ್ದು ನೆಲಕ್ಕೆ ಬೀಳುವುದು.

‘ತೊಟ್ಟದ್ದು’ ಅಂದಳು.
‘ಕರಗಿದ ಮೇಲೆ ಬಿಸಿಯಾಗುವುದು ಯಾವುದು?’
ಜೋಕಿಮ್, ಕೋರ್ಟಿನ ಗುಮಾಸ್ತ,
ಅಲ್ಪವಿರಾಮವನ್ನೂ ತೂಗುವವ.
ರೋಹಿದಾಸ ಬೇರೆಯದೇ ಕೇಳಿದ:
‘ಹೋದ ವಾರದ ಬಾಣದ ಗಾಯ?
ಅದು ತೊಟ್ಟದ್ದೋ, ಹೊತ್ತದ್ದೋ?’

ತೀರ್ಪುಗಾರ ನಾನು. ಪುಟ ಮಗುಚಿದೆ, ಮಗುಚಿದೆ.
ಉಜ್ವಲಾ ಅಂಗೈಯನ್ನು ಬೆಳಕಿಗೆ ಹಿಡಿದಳು:
ಬೈತಖೋಲದ ಕಟ್ಟೆಯಲ್ಲಿ, ಹನ್ನೆರಡರ ವಯಸ್ಸಿಗೆ,
ಇಸ್ವಾಣ ಕೊಯ್ಯುವಾಗ ಬಿದ್ದ ಗೆರೆ.
‘ಅಲ್ಲಿ ಕೊಂಕಣಿ, ಬ್ಯಾಂಕಿನಲ್ಲಿ ಕನ್ನಡ, ಇಲ್ಲಿ ನೀರುನಾಯಿ.
ಇದು ಎಲ್ಲೂ ಬಿದ್ದಿಲ್ಲ ಮಾರಾಯ,
ಕರಗಿಯೂ ಇಲ್ಲ.’

ಗಾಯ ಇರಲಿ ಎಂದು ಬರೆದೆ.
ಓಲೆಗೆ, ದಾಳ ಹಾಕು ಅಂದೆ.
ಅದು ಉರುಳುತ್ತ ಕಪಾಟಿನಡಿ ಹೊಕ್ಕಿತು.
ನಾಲ್ವರೂ ಮೊಣಕಾಲೂರಿ, ಮೂಗು ನೆಲಕ್ಕಿಟ್ಟು
ಹುಡುಕುತ್ತಿದ್ದೇವೆ.
ಗೋಡೆಯ ಮೇಲೆ ನಮ್ಮ ನೆರಳು
ನಮ್ಮಂತಿಲ್ಲ.
‘ಕೆಳಗೆ ಬಿದ್ದದ್ದು ಲೆಕ್ಕಕ್ಕುಂಟೋ?’
ಕತ್ತಲಲ್ಲಿ ಜೋಕಿಮ್.