ಹನ್ನೊಂದು ಸೆಕೆಂಡು

ಗೋಚಾನ ಒಲೆಯೆಂದರೆ ಮಣ್ಣಿನ ಬಾವಿ.
ಸೊಂಟದ ತನಕ ಒಳಗೆ ಬಗ್ಗಿ
ಹಿಟ್ಟನ್ನು ಕಾದ ಗೋಡೆಗೆ ಬಡಿಯುತ್ತಾನೆ ಅವನು.
ಕೊಕ್ಕೆ ಹಾಕಿ ಕೀಳುವುದು ನನ್ನ ಕೆಲಸ.
ಕುತೈಸಿಯ ಈ ಓಣಿಯಲ್ಲಿ ಬೆಳಗ್ಗೆ ಆರಕ್ಕೇ ಸಾಲು,
ಸಾಲಿನ ನೆತ್ತಿಯ ಮೇಲೆ ಟಿವಿ.

ಮಂಗಳವಾರ, ಆಚೆ ದಂಡೆಯ ಐದಂತಸ್ತು ಕುಸಿಯಿತು. ಗ್ಯಾಸು.
ಸದ್ದು ನಮಗೂ ಕೇಳಿತ್ತು,
ಯಾವುದೋ ಲಾರಿ ಕಲ್ಲು ಸುರಿಯಿತು ಅಂದುಕೊಂಡೆವು.
ಅರ್ಧ ಗಂಟೆಗೆ ಟಿವಿಯಲ್ಲಿ ಬಂತು,
ಬಂದ ಮೇಲೆ ನಿಜವಾಯಿತು.

ಹಸಿರು ಕೋಟಿನ ಹೆಂಗಸು ಓಡುತ್ತಾಳೆ.
ಚೀಲ ಹರಿಯುತ್ತದೆ. ಆಲೂಗಡ್ಡೆ ಉರುಳುತ್ತವೆ.
ನಿಲ್ಲುತ್ತಾಳೆ. ಬಾಯಿಗೆ ಕೈ.
ಒಟ್ಟು ಹನ್ನೊಂದು ಸೆಕೆಂಡು.
ಮತ್ತೆ ಓಡುತ್ತಾಳೆ.

ಆವತ್ತು ಹದಿನಾಲ್ಕು ರೊಟ್ಟಿ ಕರಕಲಾದವು,
ಯಾರೂ ಬೈಯಲಿಲ್ಲ.
ಅವಳು ಓಡಿದಾಗಲೆಲ್ಲ ಶಿಲುಬೆ ಗುರುತು ಹಾಕಿಕೊಂಡ ಲಾಮಾರಾ ಅಜ್ಜಿ
ಇಪ್ಪತ್ತನೆಯ ಸಲಕ್ಕೆ ಕೈ ಇಳಿಸಿದಳು,
ತೋಳು ನೋಯುತ್ತಿತ್ತು.

ಬುಧವಾರ ಲೊಚಗುಟ್ಟುತ್ತಲೇ ಲೆಕ್ಕ.
ಏಳು. ಛೇ, ಏಳೆಲ್ಲಿ, ಒಂಬತ್ತು,
ಆ ಇನ್ನೊಂದು ಚಾನೆಲ್ಲಿನಲ್ಲಿ ಆಗಲೇ ಒಂಬತ್ತು.
ಸಂತೆಯ ಚೌಕಾಶಿಯ ಹಾಗೆ; ಆದರೆ ಇಲ್ಲಿ
ಕಡಿಮೆ ಹೇಳಿದವನೇ ಸೋತ.
ಟ್ಯಾಕ್ಸಿ ಜುಂಬೆರ್‌ಗೆ ತಪ್ಪು ಯಾರದೆಂದು ಗೊತ್ತಿತ್ತು,
ಮಧ್ಯಾಹ್ನದ ಹೊತ್ತಿಗೆ ಬೇರೆ ಯಾರದೋ ಎಂದೂ ಗೊತ್ತಾಯಿತು.

ಗುರುವಾರ ಅವಳ ಓಟಕ್ಕೆ ಪಿಟೀಲು ಸೇರಿಸಿದ್ದರು.
ಗಾಣಕ್ಕೆ ಕಟ್ಟಿದ ಎತ್ತು
ಎಣ್ಣೆ ಮುಗಿದ ಮೇಲೂ ಸುತ್ತುವ ಹಾಗೆ
ಓಡಿದಳು, ನಿಂತಳು, ಓಡಿದಳು.
ಜುಂಬೆರನ ಮೊಮ್ಮಗ, ಆರು ವರ್ಷದವನು,
"ನೋಡ್ತಿರು, ಈಗ ಚೀಲ ಹರಿಯುತ್ತೆ" ಅಂದ.
ಹರಿಯಿತು.
ಯಾರೋ ನಕ್ಕರು.
ಯಾರೆಂದು ತಿರುಗಿ ನೋಡಿದೆ,
ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಶನಿವಾರ ಅವಳು ಬಂದಳು.
ಅದೇ ಕೋಟು. ಟಿವಿಯಲ್ಲಿದ್ದ ಮೇಲಿನ ಗುಂಡಿ ಈಗ ಇರಲಿಲ್ಲ.
ಸಾಲು ತಾನಾಗಿ ಸೀಳಿ ದಾರಿ ಬಿಟ್ಟಿತು.
ಅವಳು ಕೊನೆಗೇ ಹೋಗಿ ನಿಂತಳು,
ಹನ್ನೆರಡು ಜನರ ಹಿಂದೆ.
ಗೋಚಾ ರಿಮೋಟು ಹುಡುಕಿ, ಹಿಟ್ಟಿನ ಬೆರಳಿನಲ್ಲಿ ಒತ್ತಿದ;
ದನಿ ಇನ್ನೂ ಜೋರಾಯಿತು.
ತೆರೆಯಿಂದ ಅವಳ ಕಡೆಗೆ, ಅವಳಿಂದ ತೆರೆಯ ಕಡೆಗೆ
ಕಣ್ಣು ಹೊರಳದಂತೆ
ನಾವೆಲ್ಲ ಕತ್ತು ಬಿಗಿಹಿಡಿದು ನಿಂತೆವು.
ಅವಳು ಮಾತ್ರ ನೋಡಿದಳು,
ತನ್ನ ಕೋಟನ್ನು ಬೇರೆ ಯಾರೋ ತೊಟ್ಟಿದ್ದಾರೆ ಅನ್ನುವಂತೆ.

"ಆವತ್ತು ನಾನು ಓಡಿದ್ದು ಒಂದೇ ಸಲ" ಅಂದಳು.
ಸಿಟ್ಟಿರಲಿಲ್ಲ ಮಾತಿನಲ್ಲಿ,
ಹೆಚ್ಚು ಬಂದ ಚಿಲ್ಲರೆಯನ್ನು ವಾಪಸು ಕೊಡುವವರ ದನಿ.

ಗೋಚಾ ದುಡ್ಡು ಬೇಡವೆಂದ.
ಸಿಟ್ಟು ಬಂದದ್ದು ಆಗ.
"ಎಷ್ಟು ದಿನ ಪುಕ್ಕಟೆ?
ಅವರು ತೋರಿಸುವಷ್ಟು ದಿನವಾ?"
ಅವನು ನಾಣ್ಯ ಎಣಿಸಿಕೊಂಡ,
ಇಪ್ಪತ್ತು ತೆತ್ರಿ ಮರಳಿಸಿದ.
ಬಾಗಿಲು ದಾಟುವ ಮೊದಲೇ ರೊಟ್ಟಿಯ ಮೂಗು ಮುರಿದು
ಬಾಯಿಗೆ ಹಾಕಿಕೊಂಡಳು, ಬಿಸಿಗೆ ಉಫ್ ಎಂದಳು.
ಆ ಬಾಯಿಯನ್ನು ನಾವು ಕೈಯಿಲ್ಲದೆ ನೋಡಿದ್ದು ಅದೇ ಮೊದಲು.

ಹೆಸರು ಕೇಳಲಿಲ್ಲ ಯಾರೂ.
ಅವಳ ಕಡೆಯವರು ಯಾರಾದರೂ ಅದರೊಳಗಿದ್ದರೇ,
ಅದನ್ನೂ ಕೇಳಲಿಲ್ಲ.
ಐದು ದಿನ ನೋಡಿದ್ದೆವಲ್ಲ,
ಪರಿಚಯ ಆಗಿಹೋಗಿದೆ ಅನ್ನಿಸಿತ್ತು.

ಸೋಮವಾರ ಬೇರೆ ದೇಶ, ಯಾವುದೋ ನದಿ.
ಹೆಂಚಿನ ಮೇಲೆ ಒಬ್ಬ ಕೂತಿದ್ದಾನೆ,
ಮಡಿಲಲ್ಲಿ ನೀಲಿ ಬಕೆಟ್ಟು.
ನೀರು ಏರುತ್ತದೆ. ಬಕೆಟ್ಟನ್ನು ಎದೆಗೊತ್ತಿಕೊಳ್ಳುತ್ತಾನೆ.
ಸಾಲು ಮೌನವಾಯಿತು, ಲಾಮಾರಾ ಅಜ್ಜಿಯ ಕೈ ಹಣೆಗೆ ಏರಿತು.
ಬಕೆಟ್ಟಿನಲ್ಲಿ ಏನಿದೆ?
ಮತ್ತೆ ತೋರಿಸಿದರು. ಕಾಣಲಿಲ್ಲ.
ಮತ್ತೆ ತೋರಿಸುತ್ತಾರೆ, ಆಗ ಸರಿಯಾಗಿ ನೋಡಬೇಕು ಅಂತ
ಕೊಕ್ಕೆ ಹಿಡಿದೇ ನಿಂತಿದ್ದೆ.

"ಏಯ್," ಬಾವಿಯೊಳಗಿಂದ ಗೋಚಾ ಕೂಗಿದ,
"ರೊಟ್ಟಿ!"