ಒಂದು ಗೇಣು

ತಿಂಗಳಿಗೆರಡು ಸಲ, ರಾತ್ರಿ ಒಂದೂವರೆಗೆ,
ನಮ್ಮ ಬೀದಿಯಲ್ಲಿ ವಿಮಾನ ನಡೆದುಹೋಗುತ್ತಿತ್ತು.
ಹಾರುತ್ತಿರಲಿಲ್ಲ. ನಡೆಯುತ್ತಿತ್ತು,
ದಿಬ್ಬಣದ ಹಿಂದೆ ಮುದುಕರು ನಡೆದಷ್ಟು ನಿಧಾನ.
ಬಿಡಿಬಿಡಿಯಾಗಿ, ಆರು ಲಾರಿಗಳ ಮೇಲೆ:
ಮೊದಲು ಮೂತಿ, ಆಮೇಲೆ ಹೊಟ್ಟೆ, ಬಾಲ,
ಕಡೆಗೆ ಒಂದೊಂದೇ ರೆಕ್ಕೆ.

ನಾನು ಫರ್ಮ್ಯಾಂ ಲಕಾಜ್, ಗರೋನ್ ನದಿಯಾಚೆಯ ಊರಿನ
ರೊಟ್ಟಿಯಂಗಡಿಯವನು. ಆ ಹೊತ್ತಿಗೆ ನನ್ನ ಹಿಟ್ಟು ಉಬ್ಬುತ್ತಿರುತ್ತದೆ.
ಕಿಟಕಿ ಮುಚ್ಚಬೇಕೆಂದು ಪೊಲೀಸರ ತಾಕೀತು;
ಮುಚ್ಚಿ, ಹೋದಮೇಲೆ ತೆರೆಯುತ್ತಿದ್ದೆ.
ನನ್ನ ಗೋಡೆಗೂ ಆ ರೆಕ್ಕೆಗೂ ಒಂದು ಗೇಣು.
ಅಳೆದಿದ್ದೇನೆ, ಹಿಟ್ಟು ಮೆತ್ತಿದ ಕೈಯನ್ನೇ ಚಾಚಿ,
ಹೆಬ್ಬೆರಳು ಗೋಡೆಗೆ, ಕಿರುಬೆರಳು ಲೋಹಕ್ಕೆ.
ಬೆಳಿಗ್ಗೆ ಕಾರ್ಖಾನೆಯಲ್ಲಿ ಯಾರಾದರೂ ಕೇಳಿರಬೇಕು,
ಈ ಬಿಳಿ ಗುರುತು ಯಾವ ಇಲಾಖೆಯದು ಎಂದು.

ಅದಕ್ಕೆಂದೇ ಮರಗಳ ಕೊಂಬೆ ಸವರಿದರು,
ದೀಪದ ಕಂಬಗಳಿಗೆ ಕೀಲು ಕೂಡಿಸಿ ಮಡಚುವಂತೆ ಮಾಡಿದರು.
ಊರೇ ತುಸು ಪಕ್ಕಕ್ಕೆ ಸರಿದು ಕೂತಿತು,
ದೊಡ್ಡವರು ಬಂದಾಗ ಬೆಂಚಿನಲ್ಲಿ ಸರಿಯುವ ಹಾಗೆ.

ನಾದಿನಿ ಜಿಸ್ಲೇನ್‌ಗೆ ಆ ಕಂಪನಿಯಲ್ಲೇ ಕೆಲಸ,
ಇಪ್ಪತ್ತು ವರ್ಷದಾಚೆಗಿನ ಜನರನ್ನು ಎಣಿಸುವುದು.
ಭಾನುವಾರ ನಮ್ಮ ಮೇಜೇ ಅವಳ ಭೂಪಟ:
"ಈ ಉಪ್ಪು ಲಂಡನ್, ಈ ಮೆಣಸು ಸಿಂಗಾಪುರ.
ಜನ ಹೆಚ್ಚುತ್ತಾರೆ ಭಾವ, ನಿಲ್ದಾಣ ಹೆಚ್ಚುವುದಿಲ್ಲ.
ಐನೂರು ಮಂದಿಯನ್ನು ಒಂದೇ ಸಲ ಹೊತ್ತವನೇ ಗೆದ್ದ."
ಮತ್ತೆ ಅವರು? ಸಾಗರದಾಚೆಯವರು?
ಆಲಿವ್ ಬೀಜಗಳನ್ನು ಬಟ್ಟೆಯ ಮೇಲೆಲ್ಲ ಚೆಲ್ಲಿದಳು.
"ಅವರದು ಹೀಗೆ. ಯಾವ ಊರಿಂದ ಯಾವ ಊರಿಗಾದರೂ ನೇರ.
ಹಗುರ ಮೈ, ಅರ್ಧ ಜನ, ಎರಡೇ ಎಂಜಿನ್."
ಹೇಳಿ ನಕ್ಕಳು. ಆ ವರ್ಷ ನಮ್ಮ ಕಡೆ ಎಲ್ಲರೂ ನಗುತ್ತಿದ್ದರು.

ನಾನು ರೊಟ್ಟಿ ಕೊಯ್ಯುತ್ತಿದ್ದೆ, ಮಾತಾಡಲಿಲ್ಲ.
ಎರಡು ಕಿಲೋ ತೂಗುವ, ಅಪ್ಪನ ಕಾಲದ ದುಂಡು ರೊಟ್ಟಿ,
ಎಂಟು ಜನ ಕೂತು ಮುಗಿಸುವಂಥದು.
ಎಂಟು ಜನ ಕೂರುವ ಮೇಜು ಊರಲ್ಲಿ ಎಷ್ಟು ಉಳಿದಿವೆ
ಎಂಬ ಅಂಕಿ ಅವಳ ಬಳಿ ಇರಲಿಲ್ಲ.
ನನ್ನ ಬಳಿ ಇತ್ತು: ಮಂಗಳವಾರ ಮೂರು, ಶನಿವಾರ ಏಳು.
ಮಾರದೆ ಉಳಿದದ್ದು ಕೋಳಿಗೆ.

ಕೊಳ್ಳುವವರು ಬಂದರು. ಇಲ್ಲಿಯ ಊಟ ಉಂಡು,
ಅಲ್ಲಿಯ ಕಾಫಿ ಕುಡಿದು, ಮತ್ತೆ ಇಲ್ಲಿಗೆ ಬಂದರು.
ಜಗಳ ಇಬ್ಬರದು, ರಿಯಾಯಿತಿ ಮೂರನೆಯವನದು.
ಪಟ್ಟಿಯಲ್ಲಿ ಬರೆದ ಬೆಲೆ ಅಂದರೆ
ಮಾವನ ಮನೆಯ ಗೋಡೆಯ ಬಂದೂಕು:
ಎಲ್ಲರೂ ನೋಡುತ್ತಾರೆ, ಯಾರೂ ಹಾರಿಸುವುದಿಲ್ಲ.

ಆಮೇಲೆ ತಿಂಗಳಿಗೊಂದೇ ಸಲ.
ಆಮೇಲೆ ಯಾವಾಗಲೋ.
ಕಡೆಯ ರಾತ್ರಿ ಊರೆಲ್ಲ ಲಾಂದ್ರ ಹಿಡಿದು ನಿಂತಿತ್ತು,
ಯಾರಿಗೂ ಹೇಳಿಕಳಿಸಿರಲಿಲ್ಲ.
ಜಿಸ್ಲೇನ್ ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದಳು.
"ಲೆಕ್ಕ ಸರಿಯಾಗಿಯೇ ಇತ್ತು ಭಾವ," ಅಂದಳು.
"ಜನ ಹೆಚ್ಚಿದರು. ನಾವು ಹೇಳಿದಷ್ಟೇ ಹೆಚ್ಚಿದರು.
ಆದರೆ ನಾವು ಹೇಳಿದ ಕಡೆ ನಿಂತು ಕಾಯಲಿಲ್ಲ."

ಗೆದ್ದವರೂ ತಡವಾಗಿಯೇ ಗೆದ್ದರು, ಸಾಲ ಹೊತ್ತುಕೊಂಡು.
ಈಗ ನಮ್ಮವರೂ ಎರಡೆಂಜಿನ್ನಿನದನ್ನೇ ಕಟ್ಟುತ್ತಾರೆ;
ಅದರ ರೆಕ್ಕೆ ಬೀದಿಯಲ್ಲಿ ಬರುವುದಿಲ್ಲ,
ಇನ್ನೊಂದು ವಿಮಾನದ ಹೊಟ್ಟೆಯಲ್ಲಿ ಮಲಗಿ
ನಮ್ಮ ತಲೆಯ ಮೇಲೇ ಹೋಗಿಬಿಡುತ್ತದೆ.
ಹೊಸ ಪೈಪೋಟಿ, ಹೊಸ ಭೂಪಟ. ಮೇಜಿನ ಮೇಲೆ
ಉಪ್ಪು ಉಪ್ಪಾಗಿಯೇ ಉಳಿದಿದೆ.

ಕಂಬಗಳು ಮಾತ್ರ ಇನ್ನೂ ಮಡಚುತ್ತವೆ.
ಅಂಚೆಯವಳ ಮಗ ಲಿಲಿಯಾಂ ಸಂಜೆ ಹೊತ್ತು
ಮೊಳೆ ಎಳೆದು ಒಂದನ್ನು ಬಾಗಿಸುತ್ತಾನೆ,
ಅದರಡಿ ಕೈ ಅಗಲಿಸಿ, ಬಾಯಲ್ಲಿ ಸದ್ದು ಮಾಡುತ್ತ
ಬಹಳ ನಿಧಾನವಾಗಿ ದಾಟುತ್ತಾನೆ.
ಎಷ್ಟು ಎಂಜಿನ್ನೋ, ಎಂದೆ. ಏಳು, ಎಂದ.
ಮೇಯರ್ ಬೈಯುತ್ತಾರೆ. ಕೀಲು ತುಕ್ಕು ಹಿಡಿದಿರಬೇಕಿತ್ತು
ಇಷ್ಟು ಹೊತ್ತಿಗೆ, ಅನ್ನುತ್ತಾರೆ.
ನಾನು ಸುಮ್ಮನಿರುತ್ತೇನೆ.
ಅಂಗಡಿ ಮುಚ್ಚುವಾಗ ತಟ್ಟೆಗೆ ಅಂಟಿ ಉಳಿದ ಬೆಣ್ಣೆ
ಒಂದು ಬೆರಳಿನಷ್ಟು, ಎಲ್ಲಿ ಹೋಗುತ್ತದೆಂದು
ಯಾರೂ ಕೇಳಿಲ್ಲ.